ಚಿಕ್ಕ ವಿಮಾನಕ್ಕೆ ಬಣ್ಣ ಹಚ್ಚುವ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ಬೇರೆ. ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತೆ, ಏನು ಓದಬೇಕು ಎಂದು ಮಕ್ಕಳಿಗೆ ಹೇಳಿ ಅಂದಿದ್ದರು. ಅದನ್ನು ಹೇಳಲು ನನಗಿಂತ ಚೆನ್ನಾಗಿ ಬಲ್ಲ ಅಣ್ಣಂದಿರು, ಅಕ್ಕಂದಿರು ಇದೇ ಶಾಮಿಯಾನದಲ್ಲಿ ಕೂತಿದ್ದಾರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರನ್ನು ಹಿಡಿದುಕೊಂಡು ಕೇಳಿ, ಎಲ್ಲ ಹೇಳುತ್ತಾರೆ. ನಾನು ಸಮಿತಿಯವರ ಅಪ್ಪಣೆ ಪಡೆದು, ಆಫೀಸು ಮುಗಿದ ಮೇಲೆ ರಾತ್ರಿ ಹೊತ್ತು ನಾನು ಮಾಡುವ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಪ್ಲಾಸ್ಟಿಕ್ಕಿನ ಚಿಕ್ಕ ವಿಮಾನ ಜೋಡಿಸಿ ಅದಕ್ಕೆ ಬಣ್ಣ ಹಚ್ಚುವುದು. "ಬಿಇ ಓದಿ ಇಷ್ಟು ವಯಸ್ಸಾದ ಮೇಲೆ ಇದೇನಪ್ಪ ಹುಡುಗಾಟ" ಎಂದು ನಮ್ಮ ಮನೆಯಲ್ಲೂ ಕೇಳುತ್ತಾರೆ. ಅವರಿಗೆ ಕೊಡಬೇಕಾದ ಉತ್ತರವನ್ನೂ ಇಲ್ಲೇ ಕೊಟ್ಟುಬಿಡುತ್ತೇನೆ.

ಮೊದಲು ಇದು ಏನು ಎಂದು ಹೇಳುತ್ತೇನೆ. ನಿಜವಾದ ವಿಮಾನದ ಅಳತೆಯನ್ನು 48ರಿಂದ ಭಾಗಿಸಿ ಮಾಡಿದ ಮಾದರಿ ಇದು. ನಿಜವಾದ ವಿಮಾನದ ರೆಕ್ಕೆಯ ಈ ತುದಿಯಿಂದ ಆ ತುದಿಗೆ 12 ಮೀಟರ್. 1200 ಸೆಂಟಿಮೀಟರನ್ನು 48ರಿಂದ ಭಾಗಿಸಿದರೆ 25 ಸೆಂಟಿಮೀಟರ್. ನಿಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲಿಗಿಂತ ಉದ್ದ, ಅಷ್ಟೆ. ಅದರಲ್ಲಿ ಕೂತ ಪೈಲಟ್ ನಿಂತುಕೊಂಡರೆ ಮೂರೂವರೆ ಸೆಂಟಿಮೀಟರ್. ಏಳನೇ ಕ್ಲಾಸಿನಲ್ಲಿ ಅನುಪಾತದ ಲೆಕ್ಕ ಮಾಡುವಾಗ "ಇದು ಯಾವ ಉಪಯೋಗಕ್ಕೆ ಬರುತ್ತೆ" ಎಂದು ಕೇಳುತ್ತಿದ್ದ ನನ್ನ ಸಾಲಿನ ಗೆಳೆಯರಿಗೆ ಒಂದು ಉಪಯೋಗವಂತೂ ಸಿಕ್ಕಿತು.

ನಾನು ಇತ್ತೀಚೆಗೆ ಮುಗಿಸಿದ ಮಾದರಿ ಎರಡನೇ ಮಹಾಯುದ್ಧದ ಶುರುವಿನಲ್ಲಿ ಜಪಾನಿನ ನೌಕಾಪಡೆ ಹಡಗಿನ ಮೇಲಿಂದ ಹಾರಿಸುತ್ತಿದ್ದ ಯುದ್ಧವಿಮಾನ. ಅದಕ್ಕೆ ಝೀರೋ ಎಂದು ಹೆಸರು. ಸೊನ್ನೆ ಎಂಬ ಹೆಸರು ಬಂದದ್ದು ವರ್ಷದ ಲೆಕ್ಕದಿಂದ. 1940ನೇ ಇಸವಿ ಅವರ ಹಳೆಯ ಪಂಚಾಂಗದಲ್ಲಿ 2600ನೇ ವರ್ಷ. ಕೊನೆಯ ಅಂಕಿ ಸೊನ್ನೆ, ಆದ್ದರಿಂದ ಸೊನ್ನೆ ಮಾದರಿಯ ವಿಮಾನ. ಅದೇ ವರ್ಷ ಯುಗಾದಿಯಿಂದ ನಮಗೆ ವಿಕ್ರಮ ಸಂವತ್ಸರ.

ಈ ವಿಮಾನದ ಕಥೆಯಲ್ಲಿ ನಮ್ಮೂರಿನವರಿಗೆ ತಕ್ಷಣ ಅರ್ಥವಾಗುವ ಒಂದು ಸಂಗತಿ ಇದೆ. ಅದನ್ನು ತಯಾರಿಸಿದ್ದು ನಗೋಯಾ ಎಂಬ ಊರಿನ ಮಿತ್ಸುಬಿಶಿ ಕಾರ್ಖಾನೆ. ಕಾರ್ಖಾನೆಯ ಪಕ್ಕದಲ್ಲಿ ವಿಮಾನ ಹಾರಿಸುವಂಥ ಮೈದಾನ ಇರಲಿಲ್ಲ. ಅದು ಇದ್ದದ್ದು ಸುಮಾರು 48 ಕಿಲೋಮೀಟರ್ ದೂರದಲ್ಲಿ. ಹೆಚ್ಚುಕಡಿಮೆ ಇಲ್ಲಿಂದ ಮಂಡ್ಯಕ್ಕೆ ಹೋದಷ್ಟು ದೂರ. ರಸ್ತೆ ಚೆನ್ನಾಗಿರಲಿಲ್ಲ, ಲಾರಿಯಲ್ಲಿ ಹಾಕಿದರೆ ಕುಲುಕಾಟಕ್ಕೆ ವಿಮಾನದ ಮೈ ಜಖಂ ಆಗುತ್ತದೆ. 1939ರ ಮಾರ್ಚ್‌ನಲ್ಲಿ ಮೊದಲನೇ ವಿಮಾನ ತಯಾರಾದಾಗ ಅದನ್ನು ಬಿಚ್ಚಿ ಎರಡು ಎತ್ತಿನ ಗಾಡಿಗಳ ಮೇಲೆ ಹಾಕಿ ನಿಧಾನವಾಗಿ ಹೊಡೆದುಕೊಂಡು ಹೋದರು. ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಗಂಟೆಗೆ 500 ಕಿಲೋಮೀಟರ್ ಮೀರಿ ಹಾರುವ ವಿಮಾನ ಮೈದಾನಕ್ಕೆ ಹೋದದ್ದು ಎತ್ತಿನ ಹೆಜ್ಜೆಯಲ್ಲಿ. ಆಮೇಲೆ ಬಂದ ವಿಮಾನಗಳೂ ಬಹುಕಾಲ ಹಾಗೆಯೇ ಹೋದವು. ಕಬ್ಬಿನ ಗಾಡಿ ಹೊಡೆದವರಿಗೆ ಅಂಥ ಗಾಡಿಯ ಮುಂದೆ ಕೂರುವವನ ಕಷ್ಟ ಏನು ಎಂದು ನಾನು ಹೇಳಬೇಕಾಗಿಲ್ಲ.

"ಜಪಾನಿನ ವಿಮಾನಕ್ಕೂ ನಮಗೂ ಏನು ಸಂಬಂಧ" ಎಂದು ನೀವು ಕೇಳಬಹುದು. ಸಂಬಂಧ ಇದೆ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಅದೇ ನೌಕಾಪಡೆ ನಾಲ್ಕು ತಿಂಗಳ ನಂತರ ನಮ್ಮ ಕಡೆಗೆ ಬಂತು. 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಕೊಲಂಬೊ ಮೇಲೆ ದಾಳಿ. ಬಾಂಬು ಹಾಕುವ ವಿಮಾನಗಳಿಗೆ ಬೆಂಗಾವಲಾಗಿ ಬಂದದ್ದು ಈ ಝೀರೋಗಳು. ಎದುರಿಸಲು ಎದ್ದ ಬ್ರಿಟಿಷರ ಹರಿಕೇನ್ ಮತ್ತು ಫುಲ್ಮಾರ್ ವಿಮಾನಗಳು ಬಹಳಷ್ಟು ಉರುಳಿದವು. ಮರುದಿನ, ಏಪ್ರಿಲ್ 6, ಇನ್ನೊಂದು ಜಪಾನಿ ಹಡಗಿನಿಂದ ಬಂದ ವಿಮಾನಗಳು ನಮ್ಮದೇ ಕರಾವಳಿಯ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. 9ನೇ ತಾರೀಖು ತ್ರಿಂಕೋಮಲಿ. ಆ ದಿನವೇ ಹರ್ಮಿಸ್ ಎಂಬ ಬ್ರಿಟಿಷರ ವಿಮಾನವಾಹಕ ಹಡಗು ಲಂಕೆಯ ತೀರದಲ್ಲಿ ಮುಳುಗಿತು. ಮದರಾಸಿನ ಜನ ಮನೆಗೆ ಬೀಗ ಹಾಕಿ ಒಳನಾಡಿಗೆ ಹೊರಟರು. ಸರ್ಕಾರಿ ಕಚೇರಿಗಳನ್ನೇ ಬೇರೆ ಊರುಗಳಿಗೆ ಸಾಗಿಸಿದರು.

ಆಗ ನಮ್ಮ ಮೈಸೂರು ಸಂಸ್ಥಾನದಲ್ಲಿ ಏನು ನಡೆಯುತ್ತಿತ್ತು? ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಗಿ ಒಂದು ವರ್ಷದ ಮೇಲೆ ಕೆಲವು ತಿಂಗಳು ಆಗಿತ್ತು ಅಷ್ಟೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಅದನ್ನು ಕಟ್ಟಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ನಾವು ಇವತ್ತು ಎಚ್‌ಎಎಲ್ ಎಂದು ಕರೆಯುವುದು ಅದನ್ನೇ. 1942ರ ಜುಲೈಯಲ್ಲಿ ಅಲ್ಲಿ ಜೋಡಿಸಿದ ಮೊದಲ ಯುದ್ಧವಿಮಾನ, ಅಮೆರಿಕದ ಕರ್ಟಿಸ್ ಹಾಕ್, ಹಾರಿತು. ಮುಂದಿನ ವರ್ಷ ಕಾರ್ಖಾನೆಯನ್ನು ಅಮೆರಿಕದ ಸೈನ್ಯ ವಹಿಸಿಕೊಂಡು ಯುದ್ಧದಲ್ಲಿ ಸವೆದ ವಿಮಾನಗಳನ್ನು ಅಲ್ಲಿ ರಿಪೇರಿ ಮಾಡಿಸಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತು ಆ ಕೆರೆಯ ಸುತ್ತಲೇ ನನ್ನಂಥ ಸಾವಿರಾರು ಜನರ ಆಫೀಸು.

ಇನ್ನೊಂದು ಮಾತು. ಜೋಗದ ಕರೆಂಟು ಬರುವುದಕ್ಕೆ ಇನ್ನೂ ಕೆಲವು ವರ್ಷ ಇತ್ತು. ಬೆಂಗಳೂರಿಗೆ ಆಗ ಕರೆಂಟು ಹೋಗುತ್ತಿದ್ದದ್ದು ನಮ್ಮ ಪಕ್ಕದ ಬ್ಲಫ್‌ನಿಂದ, ಶಿಂಷಾದಿಂದ. ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ಕರೆಂಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ಸಂಗೀತ ಬಲ್ಲವರಿಗೆ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ಅವರ ಹೆಸರಿನಿಂದ ನಮ್ಮೂರು ಗೊತ್ತು. ವಿಮಾನದ ಕಾರ್ಖಾನೆಗೆ ನಮ್ಮ ಸೀಮೆಯ ನೀರಿನಿಂದ ಬೆಳಕು ಹೋಗಿತ್ತು ಎಂಬುದನ್ನೂ ನಮ್ಮ ಮಕ್ಕಳು ತಿಳಿದುಕೊಳ್ಳಲಿ.

ಈಗ ಕೆಲಸದ ವಿಷಯ. ಮಾದರಿಯ ತುಂಡುಗಳು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬರುತ್ತವೆ. ಕತ್ತರಿಸಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಜಿಡ್ಡು ಉಳಿದರೆ ಬಣ್ಣ ಕೂರುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವ ಮುಂಚೆ ಹಳೇ ಧೂಳು ಕೆರೆದು ತೆಗೆಯುತ್ತೇವಲ್ಲ, ಹಾಗೆ. ಅಂಟಿಸಿದ ಮೇಲೆ ಸಂದು ಕಾಣದ ಹಾಗೆ ಪುಟ್ಟಿ ತುಂಬಿ, ಎಮರಿ ಪೇಪರಿನಲ್ಲಿ ಉಜ್ಜಬೇಕು. ಮೊದಲು 400ರ ಪೇಪರು, ಆಮೇಲೆ 800, ಆಮೇಲೆ 1000. ಕೊನೆಗೆ ಕಣ್ಣು ಮುಚ್ಚಿ ಬೆರಳು ಆಡಿಸುತ್ತೇನೆ. ಕಣ್ಣಿಗೆ ಕಾಣದ ಏರುತಗ್ಗು ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಬಣ್ಣ. ಬಣ್ಣ ಎಷ್ಟು ತೆಳ್ಳಗಿರಬೇಕು ಎನ್ನುವುದಕ್ಕೂ ಒಂದು ಲೆಕ್ಕ ಇದೆ. ನಾನು ಹಚ್ಚಿದ ಬಣ್ಣದ ಪದರ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಎಂದು ಇಟ್ಟುಕೊಳ್ಳಿ. ಅದನ್ನು 48ರಿಂದ ಗುಣಿಸಿ. ನಿಜವಾದ ವಿಮಾನದ ಮೇಲೆ ಅದು 2.4 ಮಿಲಿಮೀಟರ್ ದಪ್ಪದ ಬಣ್ಣಕ್ಕೆ ಸಮ. ಅಷ್ಟು ದಪ್ಪ ಬಣ್ಣ ಮೆತ್ತಿದ ವಿಮಾನ ಎಲ್ಲಿ ಹಾರೀತು? ಆದ್ದರಿಂದ ಬ್ರಷ್ ಬಿಟ್ಟು, ಗಾಳಿಯ ಒತ್ತಡದಲ್ಲಿ ಬಣ್ಣ ಊದುವ ಏರ್‌ಬ್ರಷ್ ಬಳಸುತ್ತೇನೆ. ಅದರ ಬಾಯಿ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತಲೂ ಸಣ್ಣದು. ಬಣ್ಣವನ್ನು ಹಾಲಿನ ಹದಕ್ಕೆ ತೆಳ್ಳಗೆ ಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ. ಕಿಟಕಿ ತೆಗೆದಿರಬೇಕು, ಮೂಗಿಗೆ ಮಾಸ್ಕ್ ಇರಬೇಕು. ಇದನ್ನು ಮಕ್ಕಳು ವಿಶೇಷವಾಗಿ ನೆನಪಿಡಿ.

ಗಾಜಿನ ಗೂಡಿಗೆ ಸಣ್ಣ ಸಣ್ಣ ಚೌಕಟ್ಟುಗಳಿವೆ. ಪ್ರತಿ ಗಾಜಿನ ಮೇಲೂ ಟೇಪು ಕತ್ತರಿಸಿ ಅಂಟಿಸಿ, ಚೌಕಟ್ಟಿಗೆ ಮಾತ್ರ ಬಣ್ಣ ಹೊಡೆದು, ಆಮೇಲೆ ಟೇಪು ಬಿಡಿಸಬೇಕು. ಇದೊಂದಕ್ಕೆ ನನಗೆ ನಾಲ್ಕು ರಾತ್ರಿ ಹಿಡಿಯಿತು. ಎಂಜಿನ್ನಿನ ಮುಚ್ಚಳ ನೀಲಿ ಬೆರೆತ ಕಪ್ಪು. ಚಕ್ರದ ಕಾಲು ಕಪ್ಪು. ಮುಂದಿನ ಪಂಖಕ್ಕೆ ಬಣ್ಣ ಇಲ್ಲದ ಲೋಹದ ಹೊಳಪು, ತುದಿಯಲ್ಲಿ ಕೆಂಪು ಗೆರೆಗಳು. ಆದರೆ ಅದರ ಹಿಂಬದಿಗೆ ಮಾತ್ರ ಗಾಢ ಬಣ್ಣ. ಯಾಕೆ? ಪಂಖ ತಿರುಗುವಾಗ ಬಿಸಿಲು ಬಿದ್ದು ಪೈಲಟ್‌ನ ಕಣ್ಣು ಕುಕ್ಕಬಾರದು ಎಂದು. ಪ್ರತಿ ಬಣ್ಣಕ್ಕೂ ಹೀಗೆ ಒಂದು ಕಾರಣ ಇರುತ್ತದೆ. ಆ ಕಾರಣ ಹುಡುಕಿಕೊಂಡು ಹೋಗುವುದೇ ಈ ಕೆಲಸದ ಅರ್ಧ ಸಂತೋಷ.

ಇನ್ನು ಮೈಯ ಬಣ್ಣ. ಇಲ್ಲೇ ತಕರಾರು ಶುರುವಾಗುವುದು. ಝೀರೋ ಬಿಳಿ ಇತ್ತು ಎಂದು ಕೆಲವರು, ಬೂದು ಎಂದು ಕೆಲವರು, ಹಸಿರು ಮಿಶ್ರಿತ ಬೂದು ಎಂದು ಇನ್ನು ಕೆಲವರು ದಶಕಗಳ ಕಾಲ ವಾದ ಮಾಡಿದ್ದಾರೆ. ಆಗಿನ ಫೋಟೋಗಳು ಬಹುಪಾಲು ಕಪ್ಪುಬಿಳುಪು. 1945ರ ಆಗಸ್ಟಿನಲ್ಲಿ ಯುದ್ಧ ಸೋತಾಗ ಜಪಾನಿನ ಸೇನೆ, ನೌಕಾಪಡೆಗಳು ರಾಶಿ ರಾಶಿ ಕಾಗದಪತ್ರ ಸುಟ್ಟುಹಾಕಿದವು. ಅಮೆರಿಕನ್ನರ ಕೈಗೆ ಒಂದು ಝೀರೋ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತ್ತು, 1942ರಲ್ಲಿ ಅಲಾಸ್ಕದ ಬಳಿಯ ಅಕುಟಾನ್ ದ್ವೀಪದ ಜೌಗಿನಲ್ಲಿ. ಅವರು ಅದನ್ನು ರಿಪೇರಿ ಮಾಡಿ ಹಾರಿಸಿದರು, ಆದರೆ ಹಾರಿಸುವ ಮುಂಚೆ ತಮ್ಮ ನೌಕಾಪಡೆಯ ಬಣ್ಣ ಹೊಡೆದುಬಿಟ್ಟರು.

ಹಾಗಾದರೆ ನಿಜ ತಿಳಿಯುವುದು ಹೇಗೆ? ಆಸಕ್ತರು ಬಿದ್ದ ವಿಮಾನಗಳ ತಗಡಿನ ಚೂರುಗಳನ್ನು ಹುಡುಕಿದರು. ಬಿಸಿಲು ಮಳೆಗೆ ಮೇಲಿನ ಬಣ್ಣ ಸುಣ್ಣದ ಹಾಗೆ ಪುಡಿಯಾಗಿ ಬೆಳ್ಳಗಾಗಿರುತ್ತದೆ. ಅದನ್ನು ಮೆಲ್ಲಗೆ ಉಜ್ಜಿದರೆ, ಅಥವಾ ಎರಡು ತಗಡು ಒಂದರ ಮೇಲೊಂದು ಕೂತ ಜಾಗವನ್ನು ಬಿಡಿಸಿ ನೋಡಿದರೆ, ಒಳಗೆ ಬೇರೆಯೇ ಬಣ್ಣ ಕಾಣುತ್ತದೆ. ಹಸಿರು, ಹಳದಿ ಕಡೆಗೆ ವಾಲಿದ ಬೂದು. ಜೊತೆಗೆ 1942ರ ಒಂದು ಜಪಾನಿ ನೌಕಾ ವರದಿಯೂ ಉಳಿದಿತ್ತು. ಅದರಲ್ಲಿ ಝೀರೋದ ಬಣ್ಣವನ್ನು ಬೂದು, ಆದರೆ ಸ್ವಲ್ಪ 'ಅಮೆ' ಬಣ್ಣದ ಕಡೆಗೆ ತಿರುಗಿದ್ದು ಎಂದು ಹೇಳಿದೆ.

ಅಮೆ ಎಂದರೆ ಏನು? ಧಾನ್ಯದಿಂದ ತೆಗೆದ ಸಿಹಿ ಪಾಕ, ಆ ಪಾಕದ ಮಿಠಾಯಿ. ಬೇರೆ ದೇಶದವರು ಇದನ್ನು ಓದಿ ತಲೆ ಕೆರೆದುಕೊಂಡರು. ಪಾಕದ ಬಣ್ಣ ಎಂದರೆ ಕಂದೋ, ಹಳದಿಯೋ? ನಾನು ಅದನ್ನು ಓದಿದಾಗ ನನಗೆ ನಮ್ಮ ಕಡೆಯ ಆಲೆಮನೆ ನೆನಪಾಯಿತು. ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವಾಗ ಹಸಿರು ಬೆರೆತ ಬೂದು. ಕಾಯುತ್ತಾ ಬಂದಂತೆ ಹೊಲಸು ಮೇಲೆ ಬಂದು, ಅದನ್ನು ತೆಗೆದ ಮೇಲೆ ಅರಿಸಿನದ ಕಡೆ ತಿರುಗುತ್ತದೆ. ಆಮೇಲೆ ಜೇನಿನ ಬಣ್ಣ, ಆಮೇಲೆ ಕೆಂಪು ಬೆರೆತ ಕಂದು. ಪಾಕ ಇಳಿಸುವವರು ಥರ್ಮಾಮೀಟರ್ ಇಟ್ಟುಕೊಂಡವರಲ್ಲ. ಬಣ್ಣ, ಗುಳ್ಳೆ, ನೀರಿನಲ್ಲಿ ಹಾಕಿದ ತೊಟ್ಟು ಗಟ್ಟಿಯಾಗುವ ರೀತಿ, ಇಷ್ಟರಲ್ಲೇ ಹದ ಹೇಳುತ್ತಾರೆ. ಒಂದು ನಿಮಿಷ ಹೆಚ್ಚುಕಡಿಮೆ ಆದರೆ ಬೆಲ್ಲದ ರೇಟೇ ಬೇರೆ. "ಪಾಕದ ಕಡೆಗೆ ಸ್ವಲ್ಪ ತಿರುಗಿದ್ದು" ಎಂಬ ಮಾತು ಆಲೆಮನೆಯವರಿಗೆ ಒಗಟಲ್ಲ. ಪಾಕ ಒಂದು ಬಣ್ಣವಲ್ಲ, ಬಣ್ಣ ಸಾಗುವ ದಾರಿ ಎಂದು ಅವರಿಗೆ ಗೊತ್ತು. ಆ ದಾರಿಯ ಮೊದಲನೇ ಹೆಜ್ಜೆಯಲ್ಲಿ, ಇನ್ನೂ ಹಸಿರು ಪೂರ್ತಿ ಹೋಗದ ಜಾಗದಲ್ಲಿ ನನ್ನ ಝೀರೋದ ಬಣ್ಣ ನಿಂತಿದೆ. ತಗಡಿನ ಚೂರುಗಳು ಹೇಳುವುದಕ್ಕೂ ವರದಿ ಹೇಳುವುದಕ್ಕೂ ಇದು ಹೊಂದುತ್ತದೆ.

ಬೂದಿಗೆ ತುಸು ಹಸಿರು, ತುಸು ಅರಿಸಿನ ಬೆರೆಸಿ ಒಂಬತ್ತು ಪಟ್ಟಿಗಳನ್ನು ಮಾಡಿದೆ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಪಟ್ಟಿ ಬೆಳಗ್ಗೆ ಬಾಲ್ಕನಿಯ ಬಿಸಿಲಿನಲ್ಲಿ ಬೇರೆ ಬೇರೆ ಕಂಡವು. ಇದೇನು ಹೊಸ ವಿದ್ಯೆಯಲ್ಲ. ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ನಮ್ಮ ತಾಯಂದಿರು ಸೀರೆಯನ್ನೂ ಬ್ಲೌಸ್ ಪೀಸನ್ನೂ ಹಿಡಿದುಕೊಂಡು ಬಾಗಿಲ ಹೊರಗೆ ಬಂದು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲ, ಅದೇ ವಿದ್ಯೆ. ಎರಡು ಬಟ್ಟೆಯ ಬಣ್ಣ ದೀಪದಲ್ಲಿ ಹೊಂದಿ ಹಗಲಿನಲ್ಲಿ ಹೊಂದದೆ ಹೋಗಬಹುದು ಎಂಬುದು ವಿಜ್ಞಾನದಲ್ಲಿ ಒಂದು ಪಾಠ. ಆ ಪಾಠ ಓದದೆಯೇ ಅವರಿಗೆ ಅದು ಗೊತ್ತು. ನಾನು ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ 1,67,77,216 ಬಣ್ಣ ಮಾಡಬಹುದು. ಪ್ರತಿಯೊಂದಕ್ಕೂ ಒಂದು ನಂಬರು ಇದೆ. ನಮ್ಮ ಅಜ್ಜಿಯರ ಹತ್ತಿರ ನಂಬರು ಇರಲಿಲ್ಲ. ಈರುಳ್ಳಿ ಸಿಪ್ಪೆ ಬಣ್ಣ, ಬದನೆಕಾಯಿ ಬಣ್ಣ, ಗಿಳಿಹಸಿರು, ಮೆಂತ್ಯದ ಬಣ್ಣ, ನವಿಲುಕಂಠ ಎಂಬ ಹೆಸರುಗಳಿದ್ದವು. ನಂಬರಿನಿಂದ ಕಂಪ್ಯೂಟರಿಗೆ ತಿಳಿಯುತ್ತದೆ, ಹೆಸರಿನಿಂದ ಮನುಷ್ಯರಿಗೆ ತಿಳಿಯುತ್ತದೆ. ಎರಡೂ ಬೇಕು.

ನನ್ನ ಮಾದರಿಯ ಹಿಂಭಾಗದಲ್ಲಿ ಎರಡು ನೀಲಿ ಪಟ್ಟಿಗಳಿವೆ. ಪರ್ಲ್ ಹಾರ್ಬರ್ ದಾಳಿಯ ಕಾಲಕ್ಕೆ ಹಿರ್ಯೂ ಎಂಬ ಹಡಗಿನ ವಿಮಾನಗಳ ಗುರುತು ಅದು. ಅಕಾಗಿ ಹಡಗಿನದಾದರೆ ಒಂದು ಕೆಂಪು ಪಟ್ಟಿ, ಸೋರ್ಯೂ ಆದರೆ ಒಂದು ನೀಲಿ. ಆ ದಾಳಿಯ ದಿನ ಹಿರ್ಯೂವಿನ ಒಬ್ಬ ಪೈಲಟ್ ಹಡಗಿಗೆ ವಾಪಸು ಹೋಗಲಾಗದೆ ನೀಹೌ ಎಂಬ ಸಣ್ಣ ದ್ವೀಪದಲ್ಲಿ ಇಳಿದ. ಕೆಲವು ದಿನಗಳಲ್ಲಿ ಅಲ್ಲೇ ಸತ್ತ. ಸಾಯುವ ಮುಂಚೆ ತನ್ನ ವಿಮಾನಕ್ಕೆ ಬೆಂಕಿ ಇಟ್ಟಿದ್ದ. ಆ ಸುಟ್ಟ ವಿಮಾನದ ಅವಶೇಷ ಇವತ್ತು ಪರ್ಲ್ ಹಾರ್ಬರಿನ ವಿಮಾನ ಸಂಗ್ರಹಾಲಯದಲ್ಲಿದೆ. ಆ ನೀಲಿ ಪಟ್ಟಿ ಹೊಡೆಯುವಾಗ ಇದನ್ನೆಲ್ಲ ಓದಿದ್ದೆ. ಕೈ ನಿಧಾನವಾಯಿತು.

ಈಗ ಗಂಭೀರವಾದ ಪ್ರಶ್ನೆ. ಕೊಲ್ಲುವುದಕ್ಕೆ ಮಾಡಿದ ಯಂತ್ರವನ್ನು ಇಷ್ಟು ಚೆಂದ ಮಾಡಿ ಶೋಕೇಸಿನಲ್ಲಿ ಇಡುವುದು ಸರಿಯೇ? ನಮ್ಮ ತಂದೆಯವರೇ ಇದನ್ನು ಕೇಳಿದರು. ಅವರು ಹೊಲದ ಕೆಲಸದವರು, ಸುತ್ತಿ ಬಳಸಿ ಕೇಳುವವರಲ್ಲ. "ಇದು ಎಷ್ಟು ಜನರ ಮೇಲೆ ಗುಂಡು ಹಾರಿಸಿತ್ತಪ್ಪ?" ಅಂದರು.

ಅವರಿಗೆ ನಾನು ಆ ವಿಮಾನ ಹುಟ್ಟಿದ ಬಗೆ ಹೇಳಿದೆ. 1937ರಲ್ಲಿ ಜಪಾನಿನ ನೌಕಾಪಡೆ ತನಗೆ ಎಂಥ ವಿಮಾನ ಬೇಕು ಎಂದು ಒಂದು ಪಟ್ಟಿ ಕೊಟ್ಟಿತು. ಇಷ್ಟು ವೇಗ ಬೇಕು, ಇಷ್ಟು ಬೇಗ ಮೇಲೇರಬೇಕು, ಎರಡು ದೊಡ್ಡ ಫಿರಂಗಿ ಬೇಕು, ಗಂಟೆಗಟ್ಟಲೆ ಹಾರುತ್ತಿರಬೇಕು, ಜೊತೆಗೆ ಚುರುಕಾಗಿ ತಿರುಗಬೇಕು. ಇದು ಆಗದ ಮಾತು ಎಂದು ನಕಾಜಿಮಾ ಕಂಪನಿ ಕೈಬಿಟ್ಟಿತು. ಮಿತ್ಸುಬಿಶಿಯ ಎಂಜಿನಿಯರ್ ಜಿರೋ ಹೊರಿಕೋಶಿ ಒಪ್ಪಿಕೊಂಡರು. ಇದ್ದ ಎಂಜಿನ್ನಿನ ಶಕ್ತಿ ಕಡಿಮೆ. ದಾರಿ ಒಂದೇ: ತೂಕ ಇಳಿಸುವುದು. ಹೊಸ ಹಗುರ ಲೋಹ ಬಳಸಿದರು. ಒಳಗಿನ ಪಟ್ಟಿಗಳಿಗೆಲ್ಲ ತೂತು ಕೊರೆದರು, ಪೈಲಟ್ ಕೂರುವ ಸೀಟಿಗೂ ತೂತು. ಪೈಲಟ್‌ನ ಬೆನ್ನ ಹಿಂದೆ ಗುಂಡು ತಡೆಯುವ ತಗಡು ಹಾಕಲಿಲ್ಲ. ಗುಂಡು ಬಿದ್ದಾಗ ತಾನೇ ಮುಚ್ಚಿಕೊಳ್ಳುವ ಪೆಟ್ರೋಲ್ ಟ್ಯಾಂಕ್ ಇರಲಿಲ್ಲ. ಖಾಲಿ ವಿಮಾನದ ತೂಕ 1,680 ಕಿಲೋ. 3,000 ಕಿಲೋಮೀಟರ್ ಹಾರುವ ಶಕ್ತಿ. ಪಟ್ಟಿಯಲ್ಲಿ ಕೇಳಿದ್ದೆಲ್ಲ ಬಂತು. ಪಟ್ಟಿಯಲ್ಲಿ ಕೇಳದೆ ಇದ್ದದ್ದು ಒಂದೇ, ಅದರಲ್ಲಿ ಕೂರುವ ಹುಡುಗನ ಪ್ರಾಣ.

ಮೊದಲ ವರ್ಷ ಅದನ್ನು ಎದುರಿಸುವವರೇ ಇರಲಿಲ್ಲ. ಎದುರಾಳಿಗಳು ಅದರ ದುರ್ಬಲ ಜಾಗ ತಿಳಿದುಕೊಂಡು, ಗಟ್ಟಿಯಾದ ವಿಮಾನ ತಂದ ಮೇಲೆ, ಒಂದು ಸುತ್ತು ಗುಂಡಿಗೆ ಝೀರೋ ಪಂಜಿನ ಹಾಗೆ ಉರಿಯತೊಡಗಿತು. ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ನುರಿತ ಪೈಲಟ್‌ಗಳು ಮಾತ್ರ ಅಷ್ಟು ಬೇಗ ತಯಾರಾಗಲಿಲ್ಲ.

ತಂದೆಯವರು ಕೇಳಿಸಿಕೊಂಡು, "ಹಂಗಾದ್ರೆ ಹೊಡೆಸಿಕೊಂಡವನೂ ಸತ್ತ, ಹೊಡೆದವನೂ ಸತ್ತ" ಅಂದರು. ಹೌದು. ನಾನು ಮಾದರಿಗೆ ಬಣ್ಣ ಹಚ್ಚುವುದು ಯುದ್ಧದ ಮೆಚ್ಚುಗೆಗಲ್ಲ. ಆ ಸೀಟಿನ ತೂತುಗಳಿಗೆ ಒಂದೊಂದಾಗಿ ಬಣ್ಣ ಹಚ್ಚಿದವನಿಗೆ, ಆ ತೂತು ಯಾಕೆ ಬಂತು ಎಂದು ಮರೆಯುವುದಿಲ್ಲ. ಪುಸ್ತಕದಲ್ಲಿ ಓದಿದ್ದು ಪರೀಕ್ಷೆ ಮುಗಿದ ಮೇಲೆ ಹೋಗಬಹುದು, ಕೈಯಿಂದ ಮಾಡಿದ್ದು ಹೋಗುವುದಿಲ್ಲ. "ನಮ್ಮ ದೇಶದ್ದು ಯಾವಾಗ ಮಾಡ್ತೀಯ" ಎಂದು ಕೇಳುವವರಿಗೆ: ಮುಂದಿನದು ನಮ್ಮ ನೌಕಾಪಡೆಯ ಸೀ ಹಾಕ್. 1971ರ ಡಿಸೆಂಬರಿನಲ್ಲಿ ವಿಕ್ರಾಂತ್ ಹಡಗಿನಿಂದ ಹಾರಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ ವಿಮಾನ. ಡಬ್ಬ ತಂದಾಗಿದೆ, ಇನ್ನೂ ಬಿಚ್ಚಿಲ್ಲ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಸಾಫ್ಟ್‌ವೇರ್ ಕೆಲಸದಲ್ಲಿಯೂ ಗಿರಾಕಿ ಮೊದಲು ಒಂದು ಪಟ್ಟಿ ಕೊಡುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದು ಸಾಮಾನ್ಯವಾಗಿ ತಯಾರಾಗುವುದಿಲ್ಲ, ಎಷ್ಟೇ ಒಳ್ಳೆಯ ಎಂಜಿನಿಯರ್ ಇದ್ದರೂ. ಹಾಗಾದರೆ ನಾವು, ಊರಿನವರು, ಪೋಷಕರು, ಹಳೆಯ ವಿದ್ಯಾರ್ಥಿಗಳು, ಸರ್ಕಾರಿ ಶಾಲೆಗಳಿಗೆ ಯಾವ ಪಟ್ಟಿ ಕೊಟ್ಟಿದ್ದೇವೆ? ಎಸ್ಸೆಸ್ಸೆಲ್ಸಿ ರಿಸಲ್ಟ್ ಇಷ್ಟು ಬರಲಿ. ಇಂಗ್ಲಿಷ್ ಬರಲಿ. ಕಂಪ್ಯೂಟರ್ ಬರಲಿ. ಮೂರೂ ಬೇಕು, ಬೇಡ ಎನ್ನುವವನು ನಾನಲ್ಲ. ಆ ಮೂರರಿಂದಲೇ ಇವತ್ತು ಅನ್ನ ತಿನ್ನುತ್ತಿದ್ದೇನೆ. ಆದರೆ ಮಗುವಿನ ಕೈಗೆ ಏನು ಕೆಲಸ ಕಲಿಸಿದಿರಿ, ಕಣ್ಣಿಗೆ ಏನು ನೋಡಲು ಕಲಿಸಿದಿರಿ ಎಂದು ಯಾವ ಸಭೆಯಲ್ಲಿ ಕೇಳಿದ್ದೇವೆ? ನಾವು ಕೇಳದ ಕಾರಣಕ್ಕೆ ಎಷ್ಟೋ ಕಡೆ ಚಿತ್ರಕಲೆಯ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಕೈಕೆಲಸದ ಪೀರಿಯಡ್ಡು ವಿಜ್ಞಾನಕ್ಕೆ ಹೋಗುತ್ತದೆ. ಹಗುರವಾಗಿ, ವೇಗವಾಗಿ ಹೋಗಲಿ ಎಂದು ತೂತು ಕೊರೆಯುತ್ತಾ ಹೋಗುತ್ತೇವೆ. ಮೊದಲ ವರ್ಷ ರಿಸಲ್ಟ್ ಚೆನ್ನಾಗಿಯೇ ಬರುತ್ತದೆ.

ನಮ್ಮ ಕಾಲದಲ್ಲಿ ನಮಗೆ ಪಾಠ ಹೇಳಿದ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಏನೂ ಬರೆಯದೆ ನಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ಭತ್ತದ ಗದ್ದೆ ತೋರಿಸಿ, "ಇದರಲ್ಲಿ ಎಷ್ಟು ಹಸಿರು ಇದೆ, ಎಣಿಸ್ರೋ" ಅಂದರು. ನಾವು ನಕ್ಕೆವು. ಹನ್ನೊಂದರವರೆಗೂ ಎಣಿಸಿದೆವು. ಆ ಒಂದು ಗಂಟೆಯಲ್ಲಿ ಯಾವ ಮಾರ್ಕೂ ಬರಲಿಲ್ಲ. ಇವತ್ತು ಆಫೀಸಿನಲ್ಲಿ ಸಾವಿರಾರು ಸಾಲಿನ ಪ್ರೋಗ್ರಾಮಿನಲ್ಲಿ ಒಂದು ಸಾಲು ಉಳಿದದ್ದರ ಹಾಗೆ ಇಲ್ಲ ಎಂದು ಕಣ್ಣಿಗೆ ಬೀಳುತ್ತದಲ್ಲ, ಆ ಅಭ್ಯಾಸ ಶುರುವಾದದ್ದು ಆ ಗದ್ದೆಯ ಬದುವಿನ ಮೇಲೆ.

ಬರೀ ಮಾತಾಡಿ ಹೋಗುವುದು ಸುಲಭ. ಅದಕ್ಕೇ ನಾವು ನಮ್ಮ ಬ್ಯಾಚಿನ ಆರು ಜನ ಮಾತಾಡಿಕೊಂಡು ಒಂದು ಸಣ್ಣ ಯೋಜನೆ ಮಾಡಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕೈಕೆಲಸದ ತರಗತಿ. ಡಬ್ಬದ ವಿಮಾನ ತಂದರೆ ಎರಡು ಮೂರು ಸಾವಿರ ಆಗುತ್ತದೆ, ಅದರಿಂದ ಶುರು ಮಾಡುವುದಿಲ್ಲ. ರಟ್ಟು, ಕತ್ತರಿ, ಅಂಟು, ಪೋಸ್ಟರ್ ಬಣ್ಣ ಸಾಕು. ಮೊದಲ ಪಾಠ, ನಮ್ಮೂರಿನ ಎತ್ತಿನ ಗಾಡಿಯ ಮಾದರಿ, ಇಪ್ಪತ್ತರಲ್ಲಿ ಒಂದು ಅಳತೆ. ಮಕ್ಕಳೇ ಟೇಪು ಹಿಡಿದು ನಿಜವಾದ ಗಾಡಿ ಅಳೆಯಬೇಕು. ಗುಂಬ, ಅರೆಕಾಲು, ನೊಗ ಎಲ್ಲದರ ಹೆಸರು ಬರೆಯಬೇಕು. ಎರಡನೆಯದು ಶಿಂಷಾ ವಿದ್ಯುತ್ ಕೇಂದ್ರಕ್ಕೆ ಇಳಿಯುವ ಪೈಪುಗಳ ಮಾದರಿ. ವರ್ಷಕ್ಕೆ ಒಮ್ಮೆ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹಿಡಿಯುವುದನ್ನು ತೋರಿಸಬೇಕು. ಬ್ರಷ್ ಇಲ್ಲದೆ ಬಣ್ಣ ಹಚ್ಚುವ ಆ ವಿದ್ಯೆ ನಮ್ಮಿಂದ ಒಂದೆರಡು ಗಂಟೆಯ ಬಸ್ ಪ್ರಯಾಣದಲ್ಲಿದೆ.

ಸಾಮಾನಿನ ಖರ್ಚು ನಮ್ಮದು. ಹಿರಿಯರಲ್ಲಿ ನನ್ನ ಕೋರಿಕೆ ಬೇರೆ. ಬಡಗಿ ಕೆಲಸ ಬಲ್ಲವರು, ಕುಂಬಾರಿಕೆ ಬಲ್ಲವರು, ಬೋರ್ಡ್ ಬರೆಯುವವರು, ಹೊಲಿಗೆ ಬಲ್ಲ ಅಕ್ಕಂದಿರು, ಆಲೆಮನೆಯಲ್ಲಿ ಪಾಕ ಇಳಿಸಿದ ಹಿರಿಯರು, ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದು ಶನಿವಾರ ಬಂದು ಒಂದು ಗಂಟೆ ಮಕ್ಕಳ ಎದುರು ಕೂತು ನಿಮ್ಮ ಕೆಲಸ ಮಾಡಿ ತೋರಿಸಿ. ಭಾಷಣ ಬೇಡ. "ನಾನೇನು ಓದಿದವನಲ್ಲ" ಎಂಬ ಮಾತೂ ಬೇಡ. ಹೆಸರು ಕೊಡುವವರು ಸಂಜೆಯ ಕಾರ್ಯಕ್ರಮಕ್ಕೆ ಮುಂಚೆ ಕಚೇರಿ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಬರೆಸಿ. ಮೊದಲ ಶನಿವಾರದ ಗಾಡಿಗೆ ಒಂದು ನಿಜವಾದ ಗಾಡಿ ಬೇಕಾಗಿದೆ. ಯಾರ ಮನೆಯಲ್ಲಿ ಇನ್ನೂ ಉಳಿದಿದೆಯೋ ಅವರು ದಯವಿಟ್ಟು ಹೇಳಿ.